ಮುತ್ತಜ್ಜಿಯ ತವರು ಹುಡುಕುವುದು ಹೇಗೆ? ಗೋರಿ, ಕಾಗದ, ಹಳೇ ಪಾತ್ರೆ ಬಗ್ಗೆ ತಿಳಿದವರು ಹೇಳಿ

ಶಿರಸಿ ಪೇಟೆಯವಳು

ಎಲ್ಲರಿಗೂ ನಮಸ್ಕಾರ. ನನ್ನ ಅಮ್ಮನ ಅಮ್ಮನ ಅಮ್ಮ ಕಾರವಾರ ಕಡೆಯಿಂದ ಘಟ್ಟ ಹತ್ತಿ ಶಿರಸಿಗೆ ಮದುವೆಯಾಗಿ ಬಂದವರು. ಮನೆಮಾತು ಕೊಂಕಣಿ. ಅವರು ಸೇರಿದ ಮನೆಯ ವಂಶಾವಳಿ ನಮ್ಮಲ್ಲಿದೆ, ಏಳು ತಲೆಮಾರು ಗಂಡಸರ ಹೆಸರು ಒಂದರ ಕೆಳಗೆ ಒಂದು ಬರೆದಿದೆ. ಅದರಲ್ಲಿ ಒಬ್ಬ ಹೆಂಗಸಿನ ಹೆಸರೂ ಇಲ್ಲ. ಮುತ್ತಜ್ಜಿಯ ತವರೂರು ಯಾವುದು, ಹುಟ್ಟಿದಾಗ ಇಟ್ಟ ಹೆಸರು ಏನು, ಯಾರಿಗೂ ಗೊತ್ತಿಲ್ಲ. ಮದುವೆಯಲ್ಲಿ ಹೆಸರು ಬದಲಾಯಿಸುವ ಪದ್ಧತಿ ಇತ್ತಲ್ಲ, ಹಾಗಾಗಿ ನಮಗೆ ಗೊತ್ತಿರುವುದು ಗಂಡನ ಮನೆಯಲ್ಲಿ ಇಟ್ಟ ಹೆಸರು ಮಾತ್ರ.

ಅವರದ್ದು ಅಂತ ಉಳಿದಿರುವುದು ಮೂರು ವಸ್ತು. ಒಂದು ತಾಮ್ರದ ಗಿಂಡಿ, ಕತ್ತಿನ ಹತ್ತಿರ ಚುಕ್ಕಿ ಚುಕ್ಕಿಯಾಗಿ ಏನೋ ಅಕ್ಷರ ಕೊರೆಸಿದ್ದಾರೆ. ಒಂದು ಬೆಳ್ಳಿ ರೂಪಾಯಿ, ಸರಕ್ಕೆ ಹಾಕಲು ಕೊಂಡಿ ಬೆಸೆದದ್ದು, ಅದರ ಮೇಲೆ 1862 ಅಂತಿದೆ. ಇನ್ನೊಂದು ಪೋಸ್ಟ್ ಕಾರ್ಡು. ಬರಹ ಓದಲು ಬರುವುದಿಲ್ಲ, ಅಂಚೆ ಠಸ್ಸೆ ಪೂರ್ತಿ ಮಾಸಿದೆ.

ಎಲ್ಲಿಂದ ಶುರು ಮಾಡಲಿ? ನನ್ನ ಅಮ್ಮ ಇರುವಾಗಲೇ ಇದು ತಿಳಿಯಬೇಕು ಅಂತ ಆಸೆ.

ಕುಮಟಾ ಮಾಸ್ತರು

ತಂಗಿ, ಕಾರ್ಡಿನ ಬರಹಕ್ಕೆ ಮೇಲೆ ಉದ್ದಕ್ಕೂ ಒಂದು ಗೆರೆ ಎಳೆದು, ಅಕ್ಷರಗಳು ಒಂದಕ್ಕೊಂದು ಅಂಟಿಕೊಂಡು ಹರಿದ ಹಾಗೆ ಇದೆಯಾ? ಹಾಗಿದ್ದರೆ ಅದು ಮೋಡಿ ಲಿಪಿ, ಮರಾಠಿ ಬರೆಯಲು ಬಳಸುತ್ತಿದ್ದ ಹಳೇ ಕೂಡುಬರಹ. ನಮ್ಮ ಉತ್ತರ ಕನ್ನಡ ಜಿಲ್ಲೆ 1862ರಲ್ಲಿ ಮದ್ರಾಸ್ ಪ್ರಾಂತ್ಯದಿಂದ ಮುಂಬಯಿ ಪ್ರಾಂತ್ಯಕ್ಕೆ ಹೋಯಿತು, 1956ರವರೆಗೆ ಅಲ್ಲೇ ಇತ್ತು. ಕಾರವಾರ, ಹಳಿಯಾಳ, ಸೂಪಾ ಕಡೆ ಮರಾಠಿ ಶಾಲೆಯಲ್ಲಿ ಓದಿದವರು ಪತ್ರ, ಲೆಕ್ಕ ಎಲ್ಲ ಮೋಡಿಯಲ್ಲೇ ಬರೆಯುತ್ತಿದ್ದರು. ಬೆಳಗಾವಿ, ಕೊಲ್ಲಾಪುರ, ಪುಣೆ ಕಡೆ ಮೋಡಿ ಓದುವವರು ಈಗಲೂ ಇದ್ದಾರೆ. ಕಾರ್ಡಿನ ಎರಡೂ ಬದಿ ಬೆಳಕಿನಲ್ಲಿ ಚೆನ್ನಾಗಿ ಫೋಟೊ ತೆಗೆದು ಕಳಿಸಿದರೆ ಸಾಕು. ಮೂಲ ಕಾರ್ಡು ಯಾರ ಕೈಗೂ ಕೊಡಬೇಡಿ.

ರೂಪಾಯಿ ಬಗ್ಗೆ ಒಂದು ಎಚ್ಚರಿಕೆ. 1862 ಎಂದಿದ್ದ ಮಾತ್ರಕ್ಕೆ ಅದು ಆ ವರ್ಷದ್ದೇ ಆಗಬೇಕಿಲ್ಲ. ಟಂಕಸಾಲೆಯವರು 1874ರವರೆಗೂ ಅದೇ ಇಸವಿ ಹಾಕಿ ರೂಪಾಯಿ ಹೊಡೆದಿದ್ದಾರೆ. ವಿಕ್ಟೋರಿಯಾ ಮುಖದ ಪಕ್ಕ ರಾಣಿ ಎಂದಿರುವುದು 1876ರವರೆಗಿನವು, ಸಾಮ್ರಾಜ್ಞಿ ಎಂದಿರುವುದು 1877ರಿಂದ ಈಚಿನವು. ನಾಣ್ಯದಿಂದ ತಿಳಿಯುವುದು ಇಷ್ಟೇ: ಕೊಂಡಿ ಬೆಸೆದದ್ದು ಅದಕ್ಕಿಂತ ಹಿಂದೆ ಅಲ್ಲ. ನಿಮ್ಮ ಮುತ್ತಜ್ಜಿಗೆ ಅದು ಅವರ ಅಜ್ಜಿಯಿಂದ ಬಂದಿರಲೂಬಹುದು.

ಕಾಳಿ ದಂಡೆ

ಗಿಂಡಿಯ ಅಕ್ಷರ ಉಜ್ಜಬೇಡಿ ಅಕ್ಕ! ಹುಣಸೆಹಣ್ಣು, ಪೀತಾಂಬರಿ ಯಾವುದೂ ಹಾಕಬೇಡಿ. ನಮ್ಮ ಮನೆಯಲ್ಲಿ ಪ್ರತಿ ಹಬ್ಬಕ್ಕೂ ತಿಕ್ಕಿ ತಿಕ್ಕಿ ಒಂದು ಹಂಡೆಯ ಮೇಲಿನ ಹೆಸರು ಅರ್ಧ ಹೋಗಿಬಿಟ್ಟಿದೆ. ರಾತ್ರಿ ದೀಪ ಆರಿಸಿ, ಮೊಬೈಲ್ ಟಾರ್ಚನ್ನು ಪಾತ್ರೆಯ ಪಕ್ಕದಿಂದ ಓರೆಯಾಗಿ ಹಿಡಿಯಿರಿ. ಚುಕ್ಕಿಗಳ ನೆರಳು ಬಿದ್ದು ಅಕ್ಷರ ಎದ್ದು ಕಾಣುತ್ತದೆ. ಗೋರಿ ಕಲ್ಲು, ಶಾಸನದ ಕಲ್ಲಿಗೂ ಇದೇ ಉಪಾಯ.

ಹೆಸರಿನ ಹಿಂದೆ ಏನಿದೆ ನೋಡಿ. 'ಸೌ.' ಇದ್ದರೆ ಆಗ ಗಂಡ ಬದುಕಿದ್ದರು. 'ಗಂ. ಭಾ.' ಇದ್ದರೆ ಆಕೆ ವಿಧವೆ. 'ಕೈ.' ಅಂತಿದ್ದರೆ ಅದು ತೀರಿಕೊಂಡವರ ನೆನಪಿಗೆ ಕೊಟ್ಟ ಪಾತ್ರೆ. ಎಷ್ಟೋ ಸಲ ಕೊಟ್ಟವರ ಹೆಸರು ಇರುತ್ತದೆ, ಪಡೆದವರದ್ದಲ್ಲ. ಮದುವೆಗೆ ತವರಿನವರು ಕೊಟ್ಟ ಪಾತ್ರೆ ಆದರೆ ತವರಿನ ಯಜಮಾನರ ಹೆಸರೇ ಸಿಗಬಹುದು.

ಶಿರಸಿ ಪೇಟೆಯವಳು

ಟಾರ್ಚ್ ಉಪಾಯ ಕೆಲಸ ಮಾಡಿತು! 'ಸೌ.' ಸ್ಪಷ್ಟವಾಗಿದೆ, ನಾಗರಿ ಅಕ್ಷರ. ಆಮೇಲೆ ಒಂದು ಹೆಸರು. ನಮಗೆ ಗೊತ್ತಿರುವ ಮುತ್ತಜ್ಜಿಯ ಹೆಸರಲ್ಲ. ಆಮೇಲೆ ಊರಿನ ಹೆಸರು, 'ಅರ' ತನಕ ಓದಬಹುದು, ಮುಂದೆ ಸವೆದಿದೆ. ಕಾರ್ಡಿನ ಫೋಟೊ ಮಾಸ್ತರು ಹೇಳಿದ ಹಾಗೆ ಕಳಿಸಿದ್ದೇನೆ.

ಹೊನ್ನಾವರದ ಇಗರ್ಜಿ ಪಕ್ಕ

ಈ ಚರ್ಚೆ ಓದುತ್ತಾ ಇದ್ದೇನೆ. ನಮ್ಮ ಕ್ರಿಶ್ಚಿಯನ್ ಮನೆಗಳಲ್ಲಿ ಹೆಂಗಸರ ಹೆಸರು ಹುಡುಕುವುದು ಸ್ವಲ್ಪ ಸುಲಭ. ಅದನ್ನು ಇಲ್ಲಿ ಬರೆದರೆ ಯಾರಿಗಾದರೂ ಉಪಯೋಗ ಆದೀತು.

ಜನ ಮೊದಲು ಸಿಮಿತ್ರಿಗೆ, ಅಂದರೆ ಇಗರ್ಜಿಯ (ಚರ್ಚಿನ) ಸ್ಮಶಾನಕ್ಕೆ ಓಡುತ್ತಾರೆ. ಗೋರಿ ಸಿಗುವುದಿಲ್ಲ, ಬೇಜಾರಾಗಿ ವಾಪಸ್ ಬರುತ್ತಾರೆ. ಜಾಗ ಕಡಿಮೆ ಇರುವ ಇಗರ್ಜಿಗಳಲ್ಲಿ ಕೆಲವು ವರ್ಷ ಆದಮೇಲೆ ಅದೇ ಗುಂಡಿಯಲ್ಲಿ ಬೇರೆಯವರನ್ನು ಹೂಳುತ್ತಾರೆ, ಮೂಳೆಗಳನ್ನು ಬೇರೆ ಕಡೆ ಇಡುತ್ತಾರೆ. ಕಾಯಂ ಜಾಗ ಕೊಂಡವರ ಕಲ್ಲು ಮಾತ್ರ ಉಳಿಯುತ್ತದೆ. ಅಂದರೆ ಸಿಮಿತ್ರಿಯಲ್ಲಿ ಕಾಣುವುದು ಊರಿನ ಅನುಕೂಲಸ್ಥರನ್ನು ಮಾತ್ರ. ಬಡವರ ಗುರುತು ಪುಸ್ತಕದಲ್ಲಿದೆ. ಜ್ಞಾನಸ್ನಾನ (ಬ್ಯಾಪ್ಟಿಸಂ) ಮತ್ತು ಮದುವೆಯ ಪುಸ್ತಕ ಇಡಬೇಕು ಅಂತ 1563ರಲ್ಲೇ ಕ್ಯಾಥೊಲಿಕ್ ಧರ್ಮಗುರುಗಳ ಟ್ರೆಂಟ್ ಸಭೆಯಲ್ಲಿ ನಿಯಮ ಆಯಿತು. 1614ರಿಂದ ಸತ್ತವರ ಪುಸ್ತಕವೂ ಸೇರಿತು. ಎಲ್ಲ ಕಡೆ ಅಷ್ಟು ಹಳೆಯವು ಉಳಿದಿಲ್ಲ. ಗೆದ್ದಲು, ಮಳೆ, ಯುದ್ಧ ತುಂಬ ತಿಂದಿವೆ. ಆದರೂ ಕೇಳಬೇಕು.

ಜ್ಞಾನಸ್ನಾನದ ಪುಸ್ತಕದಲ್ಲಿ ತಾಯಿಯ ಹೆಸರು ಇರುತ್ತದೆ. ಹಳೇ ಪೋರ್ಚುಗೀಸ್ ಮಾದರಿಯಲ್ಲಿ ಬರೆದವುಗಳಲ್ಲಿ ಎಷ್ಟೋ ಕಡೆ ಅಜ್ಜ ಅಜ್ಜಿಯರ ಹೆಸರೂ ಇದೆ, ಎರಡೂ ಕಡೆಯದು. 1908ರಿಂದ ಈಚೆಗೆ ಹುಡುಗಿಯ ಮದುವೆ ಎಲ್ಲಿ, ಯಾರ ಜೊತೆ ಆಯಿತು ಎಂದು ಆಕೆಯ ಜ್ಞಾನಸ್ನಾನದ ಸಾಲಿನ ಪಕ್ಕ ಅಂಚಿನಲ್ಲಿ ಬರೆಯಬೇಕು. ಆ ಅಂಚನ್ನು ತಪ್ಪದೆ ಓದಿ. ಮದುವೆಯಾಗಿ ಬೇರೆ ಊರಿಗೆ ಹೋದ ಹೆಣ್ಣುಮಗಳ ಜಾಡು ಸಿಗುವುದು ಅಲ್ಲೇ.

ಯಾವ ಇಗರ್ಜಿ ಯಾವ ಧರ್ಮಪ್ರಾಂತದಲ್ಲಿತ್ತು (ಯಾವ ಬಿಷಪರ ಆಡಳಿತದಲ್ಲಿತ್ತು) ಅಂತಲೂ ತಿಳಿದಿರಬೇಕು. ಕಾರವಾರ ಧರ್ಮಪ್ರಾಂತ ಆದದ್ದು 1976ರಲ್ಲಿ. ಅದಕ್ಕೆ ಮೊದಲು ಬೆಳಗಾವಿ, 1953ಕ್ಕೆ ಮೊದಲು ಗೋವಾ. ಹಳೇ ಪತ್ರವ್ಯವಹಾರ ಗೋವಾದಲ್ಲೇ ಉಳಿದಿರುವುದು ಸಹಜ.

ಅಂಕೋಲಾ ಗದ್ದೆಯವ

ಇಗರ್ಜಿ ಪುಸ್ತಕ, ಪೋಸ್ಟ್ ಕಾರ್ಡು, ಬೆಳ್ಳಿ ರೂಪಾಯಿ ಎಲ್ಲ ಇದ್ದವರ ಮಾತಾಯಿತು. ನಮ್ಮ ಅಜ್ಜ ಗೇಣಿ ಒಕ್ಕಲು. ಮನೆಯಲ್ಲಿ ಓದು ಬಂದವರೇ ಇರಲಿಲ್ಲ. ನಮ್ಮಂಥವರು ಏನು ಮಾಡಬೇಕು? ನಾನು ಕಂಡುಕೊಂಡದ್ದನ್ನು ಹೇಳುತ್ತೇನೆ.

1974ರಲ್ಲಿ ಭೂಸುಧಾರಣೆ ಕಾನೂನು ಬಿಗಿಯಾಯಿತಲ್ಲ, ಆಗ ಉಳುವವರೆಲ್ಲ ಜಮೀನಿನ ಹಕ್ಕು ಕೇಳಿ ಭೂ ನ್ಯಾಯಮಂಡಳಿಗೆ ನಮೂನೆ 7 ಅರ್ಜಿ ಕೊಟ್ಟರು. ಕೊನೆಯ ದಿನ ಮುಂದೆ ಹೋಗಿ ಹೋಗಿ 1979ರ ಜೂನ್ 30 ಆಯಿತು. ಆ ಕಡತಗಳಲ್ಲಿ ಬರೀ ಸರ್ವೆ ನಂಬರ್ ಇರುತ್ತದೆ ಅಂದುಕೊಳ್ಳಬೇಡಿ. ಎಷ್ಟು ಕಾಲದಿಂದ ಉಳುತ್ತಿದ್ದೀರಿ, ನಿಮ್ಮಪ್ಪ ಉಳುತ್ತಿದ್ದನಾ, ಮನೆಯಲ್ಲಿ ಯಾರ್ಯಾರಿದ್ದಾರೆ ಅಂತ ಕೇಳಿ ಹೇಳಿಕೆ ಬರೆದುಕೊಂಡಿದ್ದಾರೆ. ಅರ್ಜಿ ಕೊಟ್ಟ ಮೇಲೆ ಒಕ್ಕಲು ತೀರಿಹೋಗಿದ್ದರೆ ವಾರಸುದಾರರ ಪಟ್ಟಿ ಬರುತ್ತದೆ, ಹೆಂಡತಿ, ಮದುವೆಯಾದ ಹೆಣ್ಣುಮಕ್ಕಳು ಎಲ್ಲ ಸೇರಿ. ನನ್ನ ಅಜ್ಜಿಯ ಹೆಸರು ನಾನು ಮೊದಲ ಸಲ ಕಾಗದದ ಮೇಲೆ ನೋಡಿದ್ದು ಅಲ್ಲಿ. ಹೆಸರಿನ ಮುಂದೆ ಹೆಬ್ಬೆಟ್ಟಿನ ಗುರುತು. ಆ ಗುರುತಿನ ಫೋಟೊ ತೆಗೆದು ದೇವರ ಪಕ್ಕ ಹಾಕಿದ್ದೇನೆ.

ಇನ್ನೊಂದು. 1930ರ ದಶಕದ ಶುರುವಿನಲ್ಲಿ ಅಂಕೋಲಾ, ಸಿದ್ದಾಪುರ ಕಡೆ ಕರ ನಿರಾಕರಣೆ ಮಾಡಿ ಜಮೀನು ಜಪ್ತಿ ಆದ ಮನೆಗಳಿದ್ದರೆ ಆ ಕಾಗದ ಮುಂಬಯಿ ಸರಕಾರದ ಕಡತದಲ್ಲಿ ಇರಬೇಕು. ಮಹಾರಾಷ್ಟ್ರ ರಾಜ್ಯ ಪತ್ರಾಗಾರ ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜು ಕಟ್ಟಡದಲ್ಲಿದೆ. 1862ಕ್ಕಿಂತ ಹಿಂದಿನದಕ್ಕೆ ಚೆನ್ನೈ ಎಗ್ಮೋರಿನ ಪತ್ರಾಗಾರ.

ಕುಮಟಾ ಮಾಸ್ತರು

ಅಂಕೋಲಾದವರು ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಶಾಲೆಯ ಜನರಲ್ ರಜಿಸ್ಟರನ್ನೂ ಸೇರಿಸುತ್ತೇನೆ. ಮುಂಬಯಿ ಕಾಲದಿಂದ ಕನ್ನಡ ಶಾಲೆಗಳಲ್ಲಿ ಅದನ್ನು ಇಡುತ್ತಿದ್ದರು. ಹೆಸರು, ತಂದೆ, ಜಾತಿ, ಹುಟ್ಟಿದ ದಿನ, ಹುಟ್ಟಿದ ಊರು, ಮೊದಲು ಓದಿದ ಶಾಲೆ, ಬಿಟ್ಟ ಕಾರಣ. ಹುಟ್ಟಿದ ಊರು ಬಹಳ ಮಹತ್ವದ್ದು. ಚೊಚ್ಚಲ ಹೆರಿಗೆಗೆ ಹೆಣ್ಣುಮಕ್ಕಳು ತವರಿಗೆ ಹೋಗುತ್ತಿದ್ದರು. ಹಾಗಾಗಿ ಹಿರಿಯ ಮಗನ ಅಥವಾ ಮಗಳ ಹುಟ್ಟೂರು ಎಂದರೆ ಬಹುಪಾಲು ತಾಯಿಯ ತವರೂರೇ. ತಂಗಿ, ನಿಮ್ಮ ಅಜ್ಜಿಯೋ ಅವರ ಅಣ್ಣನೋ ಯಾವ ಶಾಲೆಯಲ್ಲಿ ಓದಿದರು ಅಂತ ತಿಳಿದುಕೊಳ್ಳಿ.

ಭಟ್ಕಳದ ನವಾಯತಿ

ನಮ್ಮ ಕಡೆಯ ಗೋರಿಗಳಲ್ಲಿ ಬರಹ ಇರುವುದು ಕಡಿಮೆ. ಸಾಧಾರಣ ಜನರ ಗೋರಿಗೆ ತಲೆ ಕಡೆ ಒಂದು ಕಲ್ಲು ಇಡುತ್ತಾರೆ, ಅಷ್ಟೇ. ಯಾರದ್ದು ಎಲ್ಲಿ ಎಂದು ಮನೆಯ ಹಿರಿಯರಿಗೆ ಗೊತ್ತಿರುತ್ತದೆ, ಅವರು ಹೋದರೆ ಆ ತಿಳಿವಳಿಕೆಯೂ ಹೋಗುತ್ತದೆ. ಹಾಗಾಗಿ ನನ್ನ ದೊಡ್ಡಪ್ಪನ ಜೊತೆ ಹೋಗಿ ಕಬರಸ್ತಾನದ ನಕ್ಷೆ ಬರೆದುಕೊಂಡಿದ್ದೇನೆ. ಬೇರೆಯವರೂ ಇದನ್ನು ಈಗಲೇ ಮಾಡಲಿ ಎಂದು ಕೇಳಿಕೊಳ್ಳುತ್ತೇನೆ.

ಬರಹ ಇರುವ ಕಡೆ ಹಿಜರಿ ಇಸವಿ ಇರುತ್ತದೆ. ಅದಕ್ಕೆ ಸುಮ್ಮನೆ ಒಂದು ಸಂಖ್ಯೆ ಕೂಡಿಸಿದರೆ ಆಗುವುದಿಲ್ಲ. ಹಿಜರಿ ವರ್ಷ ಹತ್ತು ಹನ್ನೊಂದು ದಿನ ಚಿಕ್ಕದು. 0.97ರಿಂದ ಗುಣಿಸಿ 622 ಕೂಡಿಸಿ, ಹತ್ತಿರದ ಇಸವಿ ಬರುತ್ತದೆ. ಹಿಜರಿ 1300 ಶುರುವಾದದ್ದು 1882ರ ನವೆಂಬರಿನಲ್ಲಿ.

ಹೆಂಗಸರ ಬಗ್ಗೆ ಕೇಳಿದ್ದೀರಲ್ಲ. ನಿಕಾಹ್ ದಾಖಲೆಯಲ್ಲಿ ಮದುಮಗಳ ಹೆಸರು, ಅವಳ ತಂದೆಯ ಹೆಸರು, ಮಹರ್ (ಗಂಡು ಹೆಣ್ಣಿಗೆ ಕೊಡಬೇಕಾದ ಹಣ) ಎಷ್ಟು, ಸಾಕ್ಷಿಗಳು ಯಾರು, ಎಲ್ಲ ಇರುತ್ತದೆ. ಸಾಕ್ಷಿಗಳಲ್ಲಿ ಎಷ್ಟೋ ಸಲ ಹುಡುಗಿಯ ಸೋದರಮಾವ ಇರುತ್ತಾರೆ. ಅಲ್ಲಿಂದ ತಾಯಿಯ ಕಡೆಗೆ ದಾರಿ ತೆರೆಯುತ್ತದೆ. ಕೆಲವು ಮನೆಗಳಲ್ಲಿ ಶಜರಾ, ಅಂದರೆ ವಂಶಾವಳಿ ಬರೆದಿಟ್ಟಿದ್ದಾರೆ. ಅದೂ ಗಂಡಸರದ್ದೇ ಜಾಸ್ತಿ, ಅದಕ್ಕೇ ನಿಮ್ಮ ಮಾತು ನನಗೆ ತಟ್ಟಿತು.

ಯಲ್ಲಾಪುರ ಕಾಡಿನ ಸಿದ್ದಿ

ನಾನೂ ಕೇಳಬೇಕು ಅಂತ ಬಹಳ ದಿನದಿಂದ ಇದ್ದೆ. ನಮ್ಮ ಹಿರಿಯರು ಆಫ್ರಿಕಾದಿಂದ ಬಂದವರು, ಗೋವಾದಲ್ಲಿ ಗುಲಾಮರಾಗಿದ್ದು ತಪ್ಪಿಸಿಕೊಂಡು ಕಾಡಿಗೆ ಬಂದರು ಎಂದು ಮನೆಯಲ್ಲಿ ಹೇಳುತ್ತಾರೆ. ಗೋರಿಗೆ ಕಲ್ಲಿಲ್ಲ, ಜಮೀನಿಗೆ ಕಾಗದ ಇಲ್ಲ. ಹಿರಿಯರ ಪೂಜೆ ಮಾಡುತ್ತೇವೆ, ಆಗ ಅಜ್ಜಿ ಹೆಸರು ಹೇಳಿ ಕರೆಯುತ್ತಾಳೆ. ಅದೇ ನಮ್ಮ ದಾಖಲೆ. ಡಿಎನ್‌ಎ ಪರೀಕ್ಷೆ ಮಾಡಿಸಿದರೆ ತಿಳಿಯುತ್ತದಾ?

ಕಾಳಿ ದಂಡೆ

ತಮ್ಮಾ, ಡಿಎನ್‌ಎಯಿಂದ ತಿಳಿಯುವುದು ಜನಾಂಗದ ದೂರದ ಮೂಲ. ಕರ್ನಾಟಕದ ಸಿದ್ದಿಗಳನ್ನೂ ಸೇರಿಸಿ ಮಾಡಿದ ಒಂದು ಅಧ್ಯಯನ 2011ರಲ್ಲಿ ಬಂತು. ಆಫ್ರಿಕಾದ ಬಾಂಟು ಭಾಷೆಗಳ ಜನರ ಜೊತೆ ಸಂಬಂಧ ಇದೆ, ಇಲ್ಲಿಯವರ ಜೊತೆ ಬೆರೆತದ್ದೂ ಇದೆ ಎಂದು ತೋರಿಸಿದರು. ಆದರೆ ನಿನ್ನ ಅಜ್ಜಿಯ ಅಜ್ಜಿ ಯಾರು ಎಂದು ಅದು ಹೇಳುವುದಿಲ್ಲ. ನಿಮ್ಮದು ಕ್ರಿಶ್ಚಿಯನ್ ಸಿದ್ದಿ ಮನೆಯಾದರೆ ಇಗರ್ಜಿ ಪುಸ್ತಕ ನೋಡು. ಹಿಂದೂ ಅಥವಾ ಮುಸ್ಲಿಂ ಮನೆಯಾದರೆ ನಿಮ್ಮ ಹಿರಿಯರು ಕೆಲಸ ಮಾಡಿದ ಜಮೀನಿನ ಕಾಗದ, ಕಾಡಿನ ಜಮೀನಿನ ಅತಿಕ್ರಮಣ ಅರ್ಜಿಗಳು. ಅರಣ್ಯ ಹಕ್ಕು ಕಾಯ್ದೆ 2006ರದ್ದು. ಅದರ ಅರ್ಜಿಗೆ ಹಿರಿಯರ ಹೇಳಿಕೆ ಲಗತ್ತಿಸಿರುತ್ತಾರೆ. ಆ ಹೇಳಿಕೆಗಳಲ್ಲಿ ಯಾರು ಯಾವಾಗ ಎಲ್ಲಿಂದ ಬಂದರು ಎಂದು ಇರುತ್ತದೆ.

ಶಿರಸಿ ಪೇಟೆಯವಳು

ತಮ್ಮಾ, ಮುಂದಿನ ಪೂಜೆಯಲ್ಲಿ ಅಜ್ಜಿ ಹೆಸರು ಕರೆಯುವಾಗ ಬರೆದುಕೋ. ದಯವಿಟ್ಟು. ನಮ್ಮ ಮನೆಯಲ್ಲಿ ಹಾಗೆ ಹೇಳುವವರು ಒಬ್ಬರಿದ್ದಿದ್ದರೆ ನಾನು ಇಷ್ಟು ಒದ್ದಾಡಬೇಕಿರಲಿಲ್ಲ.

ಕಾರ್ಡು ಓದಿ ಕೊಟ್ಟರು! ಪುಣೆಯ ಒಬ್ಬ ಹಿರಿಯರು, ಒಂದು ರೂಪಾಯಿಯನ್ನೂ ತೆಗೆದುಕೊಳ್ಳಲಿಲ್ಲ. ಕಾರ್ಡು ಒಬ್ಬ ತಮ್ಮ ತನ್ನ ಅಕ್ಕನಿಗೆ ಬರೆದದ್ದು. ಗಣಪತಿ ಹಬ್ಬಕ್ಕೆ ಬರಲಿಲ್ಲ ಯಾಕೆ, ಅಮ್ಮನಿಗೆ ಮೈ ಸರಿಯಿಲ್ಲ, ಗದ್ದೆ ಕೊಯ್ಲು ಮುಗಿಯಿತು. ಕೊನೆಗೆ 'ಮುಕ್ಕಾಮ ಅರಗಾ', ಅಂದರೆ ಬರೆದವರು ಇದ್ದ ಊರು. ಮೇಲೆ 'ಈಶ್ವರ ಸಂವತ್ಸರ ಕಾರ್ತಿಕ' ಎಂದಿದೆ, ಶಕ ವರ್ಷ ಇಲ್ಲ. ಅಕ್ಕನನ್ನು ಕರೆದ ಹೆಸರು ಗಿಂಡಿಯ ಮೇಲಿನ ಹೆಸರೇ. ಅದನ್ನು ಅಮ್ಮನಿಗೆ ಓದಿ ಹೇಳಿದಾಗ ಅವಳು ಮಾತೇ ಆಡಲಿಲ್ಲ, ಆ ಹೆಸರನ್ನು ಮತ್ತೆ ಮತ್ತೆ ಹೇಳಿಸಿದಳು.

ಇಸವಿ ಹೇಗೆ ತಿಳಿಯುವುದು?

ಕುಮಟಾ ಮಾಸ್ತರು

ಎಂಥ ಸಂತೋಷದ ಸುದ್ದಿ ತಂಗಿ. ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. ಈಶ್ವರ ಬಂದದ್ದು 1877ರಲ್ಲಿ, 1937ರಲ್ಲಿ, 1997ರಲ್ಲಿ. ಮೊದಲನೆಯದು ನಮ್ಮ ಹಿರಿಯರು 'ಧಾತು ಈಶ್ವರ ಬರ' ಎನ್ನುತ್ತಿದ್ದ ಬರಗಾಲದ ವರ್ಷ. ಸಾಮಾನ್ಯವಾಗಿ ತಿಥಿ ಮತ್ತು ವಾರ ಕೂಡಿ ಬರುತ್ತದೆಯೇ ಎಂದು ಹಳೇ ಪಂಚಾಂಗದಲ್ಲಿ ನೋಡಿ ತೀರ್ಮಾನ ಮಾಡಬೇಕು. ನಿಮ್ಮದಕ್ಕೆ ಅದರ ಅಗತ್ಯವೇ ಇಲ್ಲ. ನಮ್ಮ ದೇಶದಲ್ಲಿ ಪೋಸ್ಟ್ ಕಾರ್ಡು ಬಂದದ್ದೇ 1879ರ ಜುಲೈಯಲ್ಲಿ. ಹಾಗಾಗಿ 1877 ಸಾಧ್ಯವಿಲ್ಲ. ಕಾರ್ತಿಕ ಮಾಸ ಎಂದರೆ 1937ರ ನವೆಂಬರ್ ಹೊತ್ತಿಗೆ ಬರೆದದ್ದು.

'ಅರಗಾ' ಎಂದರೆ ಕಾರವಾರದ ದಕ್ಷಿಣಕ್ಕೆ ಇರುವ ಅರ್ಗಾ. ಗಿಂಡಿಯ ಮೇಲೆ 'ಅರ' ತನಕ ಓದಿದ್ದೂ ಅದಕ್ಕೆ ಹೊಂದುತ್ತದೆ.

ಜೋಯಿಡಾ ಮುಳುಗಡೆ

ಅಕ್ಕಾ, ಅರ್ಗಾ ಅಂದ ಕೂಡಲೇ ನನ್ನ ಹೊಟ್ಟೆ ಕಿವುಚಿತು. ಅದು ಸೀಬರ್ಡ್ ನೌಕಾನೆಲೆಗೆ ಹೋದ ಊರು. 1986ರಲ್ಲಿ ಅಡಿಗಲ್ಲು ಹಾಕಿದರು, 2005ರಲ್ಲಿ ನೆಲೆ ಶುರುವಾಯಿತು. ನಡುವೆ ಸಾಲು ಸಾಲು ಊರಿನ ಜನ ಎದ್ದು ಹೋದರು. ಮನೆ, ದೇವಸ್ಥಾನ, ಸುಡುಗಾಡು ಎಲ್ಲ ಬೇಲಿಯ ಒಳಗೆ.

ನಮ್ಮದು ಹಳೇ ಸೂಪಾ. ಕಾಳಿ ಅಣೆಕಟ್ಟಿನ ಹಿನ್ನೀರು ಬಂದು ತಾಲೂಕಿನ ಪೇಟೆಯೇ ಮುಳುಗಿತು. ನಮ್ಮ ಜನ ರಾಮನಗರಕ್ಕೆ, ಜೋಯಿಡಾಕ್ಕೆ, ಎಲ್ಲೆಲ್ಲಿಗೋ ಹೋದರು. ಅಜ್ಜನ ಸಮಾಧಿ ನೀರಿನ ಅಡಿಯಲ್ಲಿದೆ. ಬೇಸಿಗೆಯಲ್ಲಿ ನೀರು ತೀರಾ ಇಳಿದ ವರ್ಷ ಹಳೇ ಗೋಡೆಗಳು ಮೇಲೆ ಬರುತ್ತವೆ, ಆಗ ಮುದುಕರು ದಂಡೆಗೆ ಹೋಗಿ ನಿಂತು ಕೈ ಮುಗಿದು ಬರುತ್ತಾರೆ. ನಾನೂ ಅಪ್ಪನನ್ನು ಕರೆದುಕೊಂಡು ಹೋಗುತ್ತೇನೆ.

ಆದರೆ ಊರು ಹೋದರೂ ಕಾಗದ ಹುಟ್ಟಿಕೊಂಡಿದೆ. ಭೂಸ್ವಾಧೀನ ಮಾಡುವಾಗ ಪರಿಹಾರಕ್ಕೆ ಪ್ರತಿ ಸರ್ವೆ ನಂಬರಿಗೂ ಹಕ್ಕುದಾರರು ಯಾರು, ಅವರಿಗೆ ಏನು ಸಂಬಂಧ ಎಂದು ಬರೆದು ಅವಾರ್ಡ್ (ಪರಿಹಾರದ ಆದೇಶ) ಮಾಡಿದ್ದಾರೆ. ಪರಿಹಾರ ಕಡಿಮೆ ಆಯಿತೆಂದು ಕೋರ್ಟಿಗೆ ಹೋದವರ ಕಡತದಲ್ಲಿ ವಂಶಾವಳಿಯೇ ಇದೆ. ಅರ್ಗಾದ ಜನ ಈಗ ಪುನರ್ವಸತಿ ಕಾಲೊನಿಗಳಲ್ಲಿದ್ದಾರೆ. ಕಾಗದ ಹುಡುಕುವ ಮೊದಲು ಅಲ್ಲಿಗೆ ಹೋಗಿ. ಎಂಬತ್ತು ದಾಟಿದ ಹೆಂಗಸರು ಯಾರಿದ್ದಾರೆ ಕೇಳಿ. ಯಾವ ಮನೆಯ ಹೆಣ್ಣನ್ನು ಘಟ್ಟದ ಮೇಲೆ ಕೊಟ್ಟಿದ್ದರು ಎಂದು ಅವರಿಗೆ ನೆನಪಿರುತ್ತದೆ.

ಬನವಾಸಿ ಬಯಲು

ಒಂದು ಕಷ್ಟದ ಮಾತು ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ನೆಂಟರ ಮನೆಗೆ ಹೋಗಿ ವಂಶಾವಳಿ ಕೇಳಿದರೆ ಮೊದಲು ಬರುವ ಅನುಮಾನ ಆಸ್ತಿಯದ್ದು. 2005ರ ತಿದ್ದುಪಡಿಯಲ್ಲಿ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲು ಬಂದ ಮೇಲೆ ಈ ಅನುಮಾನ ಹೆಚ್ಚಿದೆ. ಪರಿಹಾರದ ಹಣ ಬಂದ ಊರಿನಲ್ಲಂತೂ ಆಸ್ತಿಯ ಕಾಗದ ಕೇಳಲೇಬೇಡಿ. ನನಗೆ ಒಂದು ಮನೆಯಲ್ಲಿ ಚಹಾ ಕೊಟ್ಟು, ಹಳೇ ಪೆಟ್ಟಿಗೆಗೆ ಬೀಗ ಹಾಕಿದರು. ಅವರನ್ನು ದೂರುವುದಿಲ್ಲ. ಪಾಲಿನ ಜಗಳದಲ್ಲಿ ಬೆಂದ ಮನೆ ಅದು.

ಕೈಯಲ್ಲಿ ಕಾಗದ, ಪೆನ್ನು ಹಿಡಿದು ಹೋಗಬೇಡಿ. ಗಿಂಡಿ ತೆಗೆದುಕೊಂಡು ಹೋಗಿ. ಕಾರ್ಡಿನ ಒಂದು ಪ್ರತಿ ಅವರಿಗೇ ಕೊಟ್ಟುಬಿಡಿ. ನೀವು ಕೇಳಲು ಬಂದವರಲ್ಲ, ಅವರ ಮನೆಯದನ್ನು ತಿರುಗಿ ತೋರಿಸಲು ಬಂದವರು. ಅಮ್ಮನನ್ನೂ ಕರೆದುಕೊಂಡು ಹೋಗಿ.

ಇನ್ನು ಮಾಸ್ತಿಕಲ್ಲು, ವೀರಗಲ್ಲು ನೋಡಿ 'ಇದು ನಮ್ಮ ಹಿರಿಯರದ್ದು' ಎನ್ನುವವರಿಗೆ. ನಮ್ಮ ಬನವಾಸಿ ಸುತ್ತ ಇಂಥ ಕಲ್ಲು ಬಹಳ. ಕೈ ಎತ್ತಿದ, ಬಳೆ ತೊಟ್ಟ ತೋಳು ಇದ್ದರೆ ಮಾಸ್ತಿ, ಸತಿ ಹೋದ ಹೆಂಗಸಿನ ನೆನಪಿನ ಕಲ್ಲು. ಕೆಳಗೆ ಯುದ್ಧ, ನಡುವೆ ಅಪ್ಸರೆಯರು, ಮೇಲೆ ಲಿಂಗ ಇದ್ದರೆ ವೀರಗಲ್ಲು. ಬರಹ ಇಲ್ಲದ ಕಲ್ಲನ್ನು ಯಾವ ಮನೆತನಕ್ಕೂ ಗಂಟು ಹಾಕಬೇಡಿ. ಬರಹ ಇದ್ದರೂ ಐನೂರು ವರ್ಷದ ಹಿಂದಿನ ಆ ಮನುಷ್ಯನಿಂದ ನಿಮ್ಮ ತನಕ ಒಂದೊಂದೇ ತಲೆಮಾರು ತೋರಿಸಲು ಆಗುವುದಿಲ್ಲ. ಸುಣ್ಣ, ಹಿಟ್ಟು, ಸೀಮೆಸುಣ್ಣ ತುಂಬಿ ಅಕ್ಷರ ಓದುವುದನ್ನೂ ನಿಲ್ಲಿಸಿ. ನೀರು, ಮೆತ್ತನೆಯ ಬ್ರಷ್ಷು ಸಾಕು. ಊರವರು ಪೂಜೆ ಮಾಡುವ ಕಲ್ಲಾದರೆ ಕೇಳದೆ ಅದನ್ನೂ ಮುಟ್ಟಬೇಡಿ.

ಹೊನ್ನಾವರದ ಇಗರ್ಜಿ ಪಕ್ಕ

ಬನವಾಸಿಯವರ ಮಾತಿಗೆ ನನ್ನದೂ ಒಪ್ಪಿಗೆ, ಒಂದು ಮಾತು ಬಿಟ್ಟು. ಆಸ್ತಿಯ ಕಾಗದ ಕೇಳಲೇಬಾರದು ಅಂದರೆ ಹೆಂಗಸರ ಜಾಡು ಸಿಗುವುದೇ ಇಲ್ಲ. ಮನೆಯಲ್ಲಿ ಕೇಳಬೇಡಿ, ಉಪನೋಂದಣಿ ಕಚೇರಿಯಲ್ಲಿ ಕೇಳಿ. ಹಿಸ್ಸೆ ಪತ್ರ, ದಾನಪತ್ರ, ಮರಣಶಾಸನ. ಅಲ್ಲಿ ಹೆಸರಿನ ಸೂಚಿ ಬೇರೆ, ಆಸ್ತಿಯ ಸೂಚಿ ಬೇರೆ ಇರುತ್ತದೆ. ಆನ್‌ಲೈನಿನಲ್ಲಿ ಸಿಗುವುದು ಈಚಿನವು ಮಾತ್ರ, ಹಳೆಯದಕ್ಕೆ ಅರ್ಜಿ ಕೊಟ್ಟು ಪುಸ್ತಕವನ್ನೇ ತೆಗೆಸಬೇಕು. ಗಂಡ ತೀರಿದ ಮೇಲೆ ಹೆಂಡತಿಗೆ ಜೀವನಾಂಶಕ್ಕೆ ಬಿಟ್ಟ ಗದ್ದೆ, ಮಗಳಿಗೆ ಅರಿಶಿನ ಕುಂಕುಮಕ್ಕೆಂದು ಕೊಟ್ಟ ತೋಟ, ಇಂಥದ್ದರಲ್ಲಿ ಹೆಂಗಸಿನ ಹೆಸರು, ತಂದೆಯ ಹೆಸರು, ಊರು ಪೂರ್ತಿ ಬರೆದಿರುತ್ತಾರೆ.

ಬನವಾಸಿ ಬಯಲು

ಸರಿ, ಅದು ಒಳ್ಳೆಯ ದಾರಿ. ಕಚೇರಿಗೆ ಹೋಗುವುದು ಮನೆಯವರ ಭೇಟಿ ಆದಮೇಲೆ ಇರಲಿ. ಅವರಿಗೆ ಬೇರೆ ಕಡೆಯಿಂದ ಸುದ್ದಿ ಮುಟ್ಟಿದರೆ ಸಂಬಂಧವೇ ಕೆಡುತ್ತದೆ.

ಶಿರಸಿ ಪೇಟೆಯವಳು

ಹೋಗಿ ಬಂದೆವು. ಅಮ್ಮನೂ ಬಂದಿದ್ದಳು.

ಕಾಲೊನಿಯಲ್ಲಿ ಮೊದಲು ಕೇಳಿದ ಮನೆಯವರೇ ಮುಂದಿನ ಬೀದಿ ತೋರಿಸಿದರು. ಕಾರ್ಡು ಬರೆದ ತಮ್ಮನ ಮಗ ಇದ್ದಾರೆ! ಎಂಬತ್ತರ ಹತ್ತಿರದವರು, ಕಿವಿ ಸ್ವಲ್ಪ ಮಂದ. ಗಿಂಡಿ ಕೈಗೆ ಕೊಟ್ಟೆವು. ಹೆಸರಿನ ಮೇಲೆ ಬೆರಳಾಡಿಸಿದರು. 'ಶಿರಸಿ ಅತ್ತೆಯದು' ಅಂದರು. ಅವರು ಚಿಕ್ಕವರಿದ್ದಾಗ ಅತ್ತೆ ತವರಿಗೆ ಬಂದರೆ ಅಡಿಕೆ, ಜೋನಿ ಬೆಲ್ಲ ತರುತ್ತಿದ್ದರಂತೆ. ಮನೆ ಎಲ್ಲಿತ್ತು ಎಂದು ಅಮ್ಮ ಕೇಳಿದಳು. ಸಮುದ್ರದ ಕಡೆ ಕೈ ತೋರಿಸಿ, ಮನೆಯ ಮುಂದಿನ ಬಾವಿ, ಸುರಗಿ ಮರ, ನಾಗನ ಕಲ್ಲು ಎಲ್ಲ ಎಲ್ಲೆಲ್ಲಿತ್ತು ಎಂದು ಹೇಳುತ್ತಾ ಹೋದರು. ಅಮ್ಮ ಅವರನ್ನು ಅಣ್ಣ ಎಂದು ಕರೆಯಬೇಕೋ ಮಾಮ ಎಂದೋ ತಿಳಿಯದೆ ಲೆಕ್ಕ ಹಾಕಿದಳು. ಅಜ್ಜಿಯ ತಮ್ಮನ ಮಗ, ಅಂದರೆ ಮಾಮನೇ. ಅದಾದ ಮೇಲೆ ಮಾತು ನಿಲ್ಲಲೇ ಇಲ್ಲ.

ಕುಲದೇವರು ಗೋವಾದ ಮಾರ್ದೋಳದ ಮಹಾಲಸೆ ಎಂದು ಗೊತ್ತಾಯಿತು. ಆದರೆ ಮುತ್ತಜ್ಜಿಯ ತಾಯಿಯ ಹೆಸರು ಅವರಿಗೆ ನೆನಪಾಗಲಿಲ್ಲ. ಕಾರ್ಡಿನಲ್ಲಿ 'ಅಮ್ಮನಿಗೆ ಮೈ ಸರಿಯಿಲ್ಲ' ಎಂದಿದೆಯಲ್ಲ, ಆ ಅಮ್ಮ. ಇನ್ನೊಂದು ಮೆಟ್ಟಿಲು ಹತ್ತಲು ಮನಸ್ಸು ಎಳೆಯುತ್ತಿದೆ.

ಕಾಳಿ ದಂಡೆ

ಓದುವಾಗ ಕಣ್ಣು ತುಂಬಿತು ಅಕ್ಕ. ಮಾರ್ದೋಳಕ್ಕೆ ಹೋಗಿ ಕಾಣಿಕೆ ಸಲ್ಲಿಸಿ ಬನ್ನಿ. ಒಂದು ವಿಷಯ ನೆನಪಿರಲಿ, ಮಹಾಲಸೆ ಮೊದಲು ಇದ್ದದ್ದು ವೆರ್ಣೆಯಲ್ಲಿ. ಪೋರ್ಚುಗೀಸರ ಕಾಲದಲ್ಲಿ ಮಾರ್ದೋಳಕ್ಕೆ ಸಾಗಿಸಿದರು. ಮಂಗೇಶಿಯೂ ಹಾಗೇ, ಕುಶಸ್ಥಳಿಯಿಂದ ಪ್ರಿಯೋಳಕ್ಕೆ ಬಂದದ್ದು. ಹಾಗಾಗಿ ಗೋವಾದಲ್ಲಿ ನಿಮ್ಮ ಹಿರಿಯರ ಮೂಲ ಊರು ಹುಡುಕುವುದಾದರೆ ವೆರ್ಣೆಯ ಸುತ್ತಮುತ್ತ ನೋಡಬೇಕು, ಈಗಿನ ದೇವಸ್ಥಾನದ ಸುತ್ತ ಅಲ್ಲ.

ಕುಮಟಾ ಮಾಸ್ತರು

ತಂಗಿ, ಆ ಹೆಸರು ಅವರ ಮನೆಯಲ್ಲೇ ಇದೆ. ಮಹಾಲಯ ಪಕ್ಷದಲ್ಲಿ ತರ್ಪಣ ಬಿಡುವಾಗ ಅಪ್ಪ, ಅಜ್ಜ, ಮುತ್ತಜ್ಜನ ಜೊತೆ ಅಮ್ಮ, ಅಜ್ಜಿ, ಮುತ್ತಜ್ಜಿಯ ಹೆಸರನ್ನೂ ಹೇಳುತ್ತಾರೆ. ತಾಯಿಯ ತವರಿನ ಮೂರು ತಲೆಮಾರೂ ಬರುತ್ತದೆ, ಗಂಡಸರು ಹೆಂಗಸರು ಇಬ್ಬರೂ. ಲೆಕ್ಕ ಹಾಕಿ ನೋಡಿ. ಕಾರ್ಡು ಬರೆದವರ ಮಗನಿಗೆ ಅಪ್ಪನ ತಾಯಿ ಯಾರು? ನಿಮ್ಮ ಮುತ್ತಜ್ಜಿಯ ತಾಯಿ. 'ಪಿತಾಮಹೀ' ಎಂದು ಹೇಳುವ ಹೆಸರು ಅದೇ. 'ಪ್ರಪಿತಾಮಹೀ' ಎಂದು ಹೇಳುವುದು ಆಕೆಯ ಅತ್ತೆಯ ಹೆಸರು. ಆ ವಯಸ್ಸಿನಲ್ಲಿ ಸುಮ್ಮನೆ ಕೇಳಿದರೆ ನೆನಪಾಗದಿರಬಹುದು. ಮಂತ್ರದ ಜೊತೆ ಬಾಯಿಗೆ ತಾನಾಗಿ ಬರುತ್ತದೆ. ಇಲ್ಲವಾದರೆ ಅವರ ಮನೆಯ ಪುರೋಹಿತರ ಪುಸ್ತಕದಲ್ಲಿ ಬರೆದಿರುತ್ತದೆ. ನಮ್ಮ ವಂಶಾವಳಿಯ ಹಾಳೆಯಲ್ಲಿ ಬಿಟ್ಟ ಹೆಂಗಸರನ್ನು ವರ್ಷಕ್ಕೊಮ್ಮೆಯಾದರೂ ಹೆಸರು ಹಿಡಿದು ಕರೆಯುವ ಜಾಗ ಅದೊಂದೇ.

ಆದರೆ ಅದೂ ಗಂಡನ ಮನೆಯಲ್ಲಿ ಇಟ್ಟ ಹೆಸರೇ ಆಗಿರುತ್ತದೆ, ಗಮನದಲ್ಲಿರಲಿ. ಇನ್ನೊಂದು ಎಚ್ಚರ: ಮೊಮ್ಮಗನಿಗೆ ಅಜ್ಜನ ಹೆಸರು ಇಡುವ ಮನೆಗಳಲ್ಲಿ ಒಂದು ಬಿಟ್ಟು ಒಂದು ತಲೆಮಾರಿಗೆ ಅದೇ ಹೆಸರು ಬರುತ್ತದೆ. ಇಬ್ಬರನ್ನು ಒಬ್ಬರೇ ಎಂದು ತಿಳಿದು ಒಂದು ತಲೆಮಾರು ನುಂಗಿಬಿಡುವುದು ಬಹಳ ಕಡೆ ನಡೆದಿದೆ. ಶ್ರಾದ್ಧದ ತಿಥಿ ಬೇರೆ ಬೇರೆ ಇದೆಯಾ ನೋಡಿ.

ಶಿರಸಿ ಪೇಟೆಯವಳು

ಮಾಸ್ತರೆ, ಈಗಲೇ ಮಾಮನ ಮೊಮ್ಮಗಳಿಗೆ ಫೋನ್ ಮಾಡಿದೆ. ಪಕ್ಷಕ್ಕೆ ಬನ್ನಿ, ಊಟಕ್ಕೂ ಉಳಿಯಬೇಕು ಎಂದು ಕರೆದಿದ್ದಾರೆ. ಅಲ್ಲಿಯ ತನಕ ಮನೆಯ ವಂಶಾವಳಿಯನ್ನು ಹೊಸ ಹಾಳೆಯಲ್ಲಿ ಬರೆಯಲು ಶುರು ಮಾಡಿದ್ದೇನೆ. ಪ್ರತಿ ಗಂಡಸಿನ ಪಕ್ಕ ಹೆಂಡತಿಯ ಹೆಸರು, ಅವಳ ತವರೂರು, ತವರಿನ ಹೆಸರು, ಮೂರಕ್ಕೂ ಜಾಗ ಬಿಟ್ಟಿದ್ದೇನೆ.

ಅಂಕೋಲಾ ಗದ್ದೆಯವ

ಅಕ್ಕಾ, ಪ್ರತಿ ಹೆಸರಿನ ಪಕ್ಕ ಅದು ಎಲ್ಲಿಂದ ಸಿಕ್ಕಿತು ಎಂದೂ ಬರೆಯಿರಿ. ಗಿಂಡಿಯಿಂದಲೋ, ಕಾರ್ಡಿನಿಂದಲೋ, ಮಾಮನ ಬಾಯಿಯಿಂದಲೋ. ಜೋಯಿಡಾ ಅಣ್ಣ, ಹಳೇ ಸೂಪಾ ಶಾಲೆಯ ರಜಿಸ್ಟರುಗಳು ಈಗ ಯಾವ ಶಾಲೆಯಲ್ಲಿವೆ? ನನ್ನ ಹೆಂಡತಿಯ ಅಜ್ಜ ಅಲ್ಲಿ ಓದಿದವರು.

ಜೋಯಿಡಾ ಮುಳುಗಡೆ

ಅಪ್ಪನನ್ನು ಕೇಳಿ ಹೇಳುತ್ತೇನೆ. ಅಜ್ಜನ ಹೆಸರು, ಊರು ನನಗೆ ಖಾಸಗಿಯಾಗಿ ಕಳಿಸಿ. ಅಪ್ಪನ ಜೊತೆ ಓದಿದವರು ರಾಮನಗರದಲ್ಲಿ ಇನ್ನೂ ಇದ್ದಾರೆ, ಈ ವಾರ ಅವರ ಮನೆಗೂ ಹೋಗುವವನಿದ್ದೇನೆ.